ಸಂಕಟದಲ್ಲಿ ಶ್ರದ್ಧೆ, ಬಾಳಿನಲ್ಲಿ ಹೊಣೆ

ಸುಖದ ದಿನಗಳಲ್ಲಿ ದೇವರನ್ನು ನೆನೆಯುವುದು ಸುಲಭ. ಕಣಜ ತುಂಬಿರುವಾಗ, ಮಕ್ಕಳು ಮೊಮ್ಮಕ್ಕಳು ಆರೋಗ್ಯದಿಂದಿರುವಾಗ, ನಾಲ್ಕು ಜನರಲ್ಲಿ ಮಾನಮನ್ನಣೆಗಳು ದೊರೆಯುತ್ತಿರುವಾಗ ಕೈಗಳು ತಾವಾಗಿಯೇ ಮುಗಿಯುತ್ತವೆ. ಆದರೆ ಬೆಳೆದು ನಿಂತ ಮಗನು ತಂದೆತಾಯಿಗಳ ಕಣ್ಣೆದುರಿನಲ್ಲಿಯೇ ಕಣ್ಮುಚ್ಚಿದಾಗ, ನಂಬಿದ ಭೂಮಿ ಕೈಬಿಟ್ಟಾಗ, ಕಟ್ಟಿದ ಮನೆ ಕುಸಿದಾಗ ಅದೇ ಕೈಗಳು ಏನು ಮಾಡಬೇಕು? ಈ ಪ್ರಶ್ನೆಯು ಯಾವುದೋ ಒಂದು ಮತಕ್ಕೆ, ಒಂದು ದೇಶಕ್ಕೆ ಮೀಸಲಾದುದಲ್ಲ. ಸದ್ಭಕ್ತರ ಮನೆಯ ಬಾಗಿಲನ್ನೂ ಅದು ತಟ್ಟುತ್ತದೆ. ಎರಡೂವರೆ ಸಾವಿರ ವರ್ಷಗಳಿಂದ ಇದನ್ನು ಮತ್ತೆ ಮತ್ತೆ ಎದುರಿಸುತ್ತ ಬಂದ ಜನಾಂಗಗಳಲ್ಲಿ ಯೆಹೂದ್ಯ ಜನಾಂಗವು ಮುಖ್ಯವಾದುದು. ಅವರ ಜ್ಞಾನಿಗಳು ಕಷ್ಟಕಾಲದಲ್ಲಿ ಹೇಗೆ ಚಿಂತಿಸಿದರು, ಆ ಚಿಂತನೆಯನ್ನು ಹೇಗೆ ಬದುಕಿದರು ಎಂಬುದನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಲು ಬಯಸುತ್ತೇನೆ.

ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಅರಸನಾದ ನೆಬೂಕದ್ನೆಚ್ಚರನ ಸೈನ್ಯವು ಜೆರೂಸಲೇಮ್ ನಗರವನ್ನು ಹಾಳುಗೆಡವಿ, ಅಲ್ಲಿದ್ದ ಮಹಾದೇವಾಲಯವನ್ನು ಸುಟ್ಟುಹಾಕಿತು. ಅದಕ್ಕೆ ಮೊದಲೇ ಅನೇಕರು ಸೆರೆಯಾಳುಗಳಾಗಿ ದೂರದ ಬಾಬಿಲೋನಿಗೆ ಒಯ್ಯಲ್ಪಟ್ಟಿದ್ದರು. ಆ ಸೆರೆಯಾಳುಗಳಿಗೆ ಯೆರೆಮೀಯನೆಂಬ ಪ್ರವಾದಿಯು ಬರೆದ ಓಲೆಯೊಂದು ಅವರ ಪವಿತ್ರ ಗ್ರಂಥದಲ್ಲಿ ಉಳಿದು ಬಂದಿದೆ. ನಾಳೆಯೇ ಬಿಡುಗಡೆಯಾಗುವುದೆಂದು ಹೇಳುವ ಸುಳ್ಳು ಪ್ರವಾದಿಗಳು ಆಗ ಬೇಕಾದಷ್ಟು ಮಂದಿ ಇದ್ದರು. ಯೆರೆಮೀಯನು ಹಾಗೆ ಹೇಳಲಿಲ್ಲ. ಮನೆಗಳನ್ನು ಕಟ್ಟಿಕೊಂಡು ವಾಸಿಸಿರಿ, ತೋಟಗಳನ್ನು ಮಾಡಿ ಅವುಗಳ ಫಲವನ್ನುಣ್ಣಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವು ಇರುವ ಆ ಪರಸ್ಥಳದ ಕ್ಷೇಮಕ್ಕಾಗಿಯೂ ದುಡಿಯಿರಿ, ಪ್ರಾರ್ಥಿಸಿರಿ ಎಂಬುದು ಅವನ ಸಂದೇಶದ ಸಾರ. ತಮ್ಮನ್ನು ಸೆರೆಹಿಡಿದವರ ಊರಿಗೂ ಒಳಿತನ್ನು ಬಯಸಬೇಕೆಂದು ಹೇಳಲು ಎಂಥ ಎದೆಗಾರಿಕೆ ಬೇಕು! ದುಃಖವು ದೀರ್ಘವಾದುದೆಂದು ಒಪ್ಪಿಕೊಳ್ಳುವುದು, ಆದರೂ ಇಂದಿನ ಕೆಲಸವನ್ನು ಬಿಡದಿರುವುದು, ಇವೆರಡನ್ನೂ ಆ ಓಲೆಯು ಒಟ್ಟಿಗೆ ಕಲಿಸಿತು.

ಅವರು ಮರಳಿ ಬಂದು ಕಟ್ಟಿದ ಎರಡನೆಯ ದೇವಾಲಯವೂ ಉಳಿಯಲಿಲ್ಲ. ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ಟೈಟಸನು ಅದನ್ನು ನೆಲಸಮ ಮಾಡಿದನು. ಇದರ ಅರ್ಥವೇನೆಂಬುದನ್ನು ನಾವು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಅವರಿಗೆ ಬಲಿಪೂಜೆಗಳು ನಡೆಯುತ್ತಿದ್ದ ಕೇಂದ್ರ ಅದು. ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ ಅಲ್ಲಿ, ವರ್ಷದ ಮೂರು ದೊಡ್ಡ ಹಬ್ಬಗಳ ಯಾತ್ರೆ ಅಲ್ಲಿಗೆ. ಆ ಸ್ಥಳವೇ ಇಲ್ಲದ ಮೇಲೆ ಧರ್ಮವು ಉಳಿಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಕಂಡವರು ಯೋಹಾನನ್ ಬೆನ್ ಝಕ್ಕಾಯ್ ಎಂಬ ವೃದ್ಧ ಗುರುಗಳು. ಯೆಹೂದ್ಯರ ಮಹಾಗ್ರಂಥವಾದ ತಾಲ್ಮುದ್ ಅವರ ವೃತ್ತಾಂತವನ್ನು ಹೀಗೆ ಹೇಳುತ್ತದೆ. ಮುತ್ತಿಗೆಗೆ ಸಿಕ್ಕಿದ ನಗರದಿಂದ ಜೀವಂತವಾಗಿ ಹೊರಗೆ ಹೋಗಲು ಯಾರಿಗೂ ಅವಕಾಶವಿರಲಿಲ್ಲ. ಆದಕಾರಣ ಗುರುಗಳು ಸತ್ತಂತೆ ನಟಿಸಿದರು. ಶಿಷ್ಯರು ಅವರನ್ನು ಹೆಣದಂತೆ ಹೊತ್ತುಕೊಂಡು ಕೋಟೆಯ ಬಾಗಿಲನ್ನು ದಾಟಿದರು. ರೋಮನ್ ಸೇನಾನಿಯ ಎದುರು ನಿಂತು ಗುರುಗಳು ಬೇಡಿದ್ದು ಹೊನ್ನನ್ನಲ್ಲ, ತಮ್ಮ ಪ್ರಾಣವನ್ನೂ ಅಲ್ಲ. ಯಾವ್ನೆ ಎಂಬ ಚಿಕ್ಕ ಊರನ್ನೂ ಅಲ್ಲಿನ ವಿದ್ವಾಂಸರನ್ನೂ ತಮಗೆ ಬಿಟ್ಟುಕೊಡಬೇಕೆಂದು ಬೇಡಿದರು. ಗುಡಿಯು ಹೋದರೂ ಗುರುಕುಲವು ಉಳಿಯಿತು. ಮುಂದಿನ ಯೆಹೂದ್ಯ ಧರ್ಮವೆಲ್ಲವೂ ಆ ಗುರುಕುಲದ ಬೇರಿನಿಂದ ಚಿಗುರಿದುದೇ ಆಗಿದೆ.

ಗುರುಗಳನ್ನು ಹೊತ್ತು ತಂದ ಶಿಷ್ಯರಲ್ಲಿ ಒಬ್ಬನು ಯೆಹೋಶುವ ಬೆನ್ ಹನನ್ಯ. ಅವನು ದೇವಾಲಯದಲ್ಲಿ ಹಾಡುವ ಲೇವಿಯರ ವಂಶದವನು. ದೇವಾಲಯವು ಅಳಿದ ಬಳಿಕ ಕಬ್ಬಿಣದ ಕೆಲಸ ಮಾಡಿ, ಹೊಗೆಯಿಂದ ಕಪ್ಪಾದ ಗೋಡೆಗಳ ಮನೆಯಲ್ಲಿ ಬಡತನದಿಂದ ಬಾಳಿದನೆಂದು ತಾಲ್ಮುದ್ ಹೇಳುತ್ತದೆ. ಒಮ್ಮೆ ಗುರುಶಿಷ್ಯರಿಬ್ಬರೂ ಹಾಳುಬಿದ್ದ ದೇವಾಲಯದ ಬಳಿ ಹಾದುಹೋಗುವಾಗ, ಪಾಪಗಳನ್ನು ತೊಳೆಯುತ್ತಿದ್ದ ಸ್ಥಳವೇ ನಾಶವಾಯಿತಲ್ಲ ಎಂದು ಯೆಹೋಶುವನು ಗೋಳಿಟ್ಟನು. ಗುರುಗಳು ಅವನನ್ನು ಸಂತೈಸಿದರು. ಬಲಿಪೀಠಕ್ಕೆ ಸಮನಾದ ಇನ್ನೊಂದು ಪ್ರಾಯಶ್ಚಿತ್ತವು ನಮ್ಮಲ್ಲಿ ಉಳಿದಿದೆ, ಅದು ನಮ್ಮ ನಮ್ಮಲ್ಲಿ ಮಾಡುವ ದಯೆಯ ಕಾರ್ಯ ಎಂಬುದೇ ಆ ಸಾಂತ್ವನದ ತಿರುಳು. ಹಸಿದವನಿಗೆ ಅನ್ನ, ರೋಗಿಗೆ ಶುಶ್ರೂಷೆ, ಸತ್ತವನಿಗೆ ಸಂಸ್ಕಾರ, ಬಡ ವಧುವಿಗೆ ಮದುವೆ: ಇವುಗಳನ್ನು ಯಾವ ಸೈನ್ಯವೂ ಸುಡಲಾರದು.

ಹೀಗೆ ಸಾಂತ್ವನ ಪಡೆದ ಅದೇ ಯೆಹೋಶುವನು ಮುಂದೆ ಇತರರನ್ನು ಸಂತೈಸುವವನಾದನು. ದೇವಾಲಯದ ನಾಶದ ತರುವಾಯ ಅನೇಕರು ವಿರಕ್ತಿಯನ್ನು ತಾಳಿ, ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಟ್ಟರು. ಬಲಿಪೀಠದ ಮೇಲೆ ಅರ್ಪಿತವಾಗುತ್ತಿದ್ದ ಅವೆರಡೂ ಈಗ ಅರ್ಪಿತವಾಗುತ್ತಿಲ್ಲ, ನಾವು ಹೇಗೆ ಸೇವಿಸೋಣ ಎಂಬುದು ಅವರ ವಾದ. ಯೆಹೋಶುವನು ಅವರನ್ನು ಮೆಲ್ಲಗೆ ಮುಂದಕ್ಕೆ ಕರೆದೊಯ್ದನು. ಧಾನ್ಯದ ಅರ್ಪಣೆಯೂ ನಿಂತಿದೆ, ಹಾಗಾದರೆ ರೊಟ್ಟಿಯನ್ನೂ ಬಿಡೋಣವೇ? ಮೊದಲ ಫಲಗಳ ಅರ್ಪಣೆಯೂ ಇಲ್ಲ, ಹಣ್ಣನ್ನು ಬಿಡೋಣವೇ? ನೀರನ್ನೆರೆಯುವ ವಿಧಿಯೂ ನಿಂತಿದೆ, ನೀರನ್ನೇ ಬಿಡೋಣವೇ? ಆ ವಿರಕ್ತರು ನಿರುತ್ತರರಾದರು. ಆಗ ಅವನು ತಿಳಿಯ ಹೇಳಿದನು: ಶೋಕಿಸದೆ ಇರಲಾಗದು, ಮಿತಿಮೀರಿ ಶೋಕಿಸಲೂ ಆಗದು, ಬಹುಜನರು ಹೊರಲಾರದ ಭಾರವನ್ನು ಅವರ ಮೇಲೆ ಹೊರಿಸಬಾರದು. ಆದುದರಿಂದ ಹಿರಿಯರು ಒಂದು ಕಟ್ಟಳೆಯನ್ನು ಮಾಡಿದರು. ಮನೆಯನ್ನು ಕಟ್ಟಿ ಗಿಲಾವು ಮಾಡಿಕೊಳ್ಳಬಹುದು, ಆದರೆ ಒಂದಿಷ್ಟು ಜಾಗವನ್ನು ಗಿಲಾವಿಲ್ಲದೆ ಬಿಡಬೇಕು. ಆ ಜಾಗವು ಒಂದು ಮೊಳ ಉದ್ದ, ಒಂದು ಮೊಳ ಅಗಲವಿರಬೇಕೆಂದು ಮುಂದಿನವರು ಅಳತೆಯನ್ನೂ ಗೊತ್ತುಪಡಿಸಿದರು.

ಈ ಕಟ್ಟಳೆಯಲ್ಲಿರುವ ವಿವೇಕವನ್ನು ಗೃಹಸ್ಥರು ಗಮನಿಸಬೇಕು. ಮನೆಯನ್ನು ಕಟ್ಟಬೇಡವೆಂದು ಅದು ಹೇಳುವುದಿಲ್ಲ. ದುಃಖವನ್ನು ಮರೆತುಬಿಡೆಂದೂ ಹೇಳುವುದಿಲ್ಲ. ಗೋಡೆಯ ಬಹುಭಾಗವು ಬಾಳುವವರಿಗೆ, ಒಂದು ಮೊಳವು ಕಳೆದುಕೊಂಡದ್ದರ ನೆನಪಿಗೆ. ಯೆಹೂದ್ಯರ ಮದುವೆಯಲ್ಲಿ ವರನು ಗಾಜಿನ ಲೋಟವನ್ನು ಕಾಲಿನಿಂದ ಒಡೆಯುವ ಪದ್ಧತಿಗೂ ಜೆರೂಸಲೇಮಿನ ನೆನಪನ್ನೇ ಕಾರಣವಾಗಿ ಹೇಳುತ್ತಾರೆ. ಗಾಜು ಒಡೆಯುತ್ತದೆ, ಆದರೆ ಮದುವೆಯು ನಿಲ್ಲುವುದಿಲ್ಲ.

ಕಷ್ಟವೇಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಆ ಜನರು ತಪ್ಪಿಸಿಕೊಂಡು ಹೋದವರಲ್ಲ. ಅವರ ಗ್ರಂಥಗಳಲ್ಲಿ ಯೋಬನ ಕಥೆಯು ಇದಕ್ಕೆಂದೇ ಮೀಸಲಾಗಿದೆ. ಯೋಬನು ನಿರ್ದೋಷಿ. ಒಂದೇ ದಿನದಲ್ಲಿ ದನಕರುಗಳನ್ನೂ ಮಕ್ಕಳನ್ನೂ ಕಳೆದುಕೊಂಡನು. ಬಳಿಕ ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕುಳಿತನು. ಮೂವರು ಸ್ನೇಹಿತರು ಬಂದು ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರೇ. ಬಾಯಿ ತೆರೆದ ಮೇಲೆ ಕೆಟ್ಟಿತು. ನೀನು ಏನೋ ಪಾಪ ಮಾಡಿರಬೇಕು, ಇಲ್ಲದಿದ್ದರೆ ದೇವರು ಹೀಗೆ ಮಾಡುತ್ತಿರಲಿಲ್ಲ ಎಂದು ಅವರು ತರ್ಕಿಸಿದರು. ಯೋಬನು ಒಪ್ಪಲಿಲ್ಲ. ದೇವರನ್ನೇ ಕರೆದು ನ್ಯಾಯ ಕೇಳಿದನು, ಹುಟ್ಟಿದ ದಿನವನ್ನೇ ಶಪಿಸಿದನು. ಕೊನೆಯಲ್ಲಿ ದೇವರು ಕೋಪಗೊಂಡುದು ದೇವರ ಪರವಾಗಿ ವಾದಿಸಿದ ಆ ಸ್ನೇಹಿತರ ಮೇಲೆ. ಯೋಬನಂತೆ ನೀವು ಸರಿಯಾದುದನ್ನು ನುಡಿಯಲಿಲ್ಲವೆಂದು ಅವರನ್ನು ಖಂಡಿಸಿದನು. ಯೋಬನಿಗಾದರೂ ಕಷ್ಟದ ಕಾರಣವು ಕೊನೆಯವರೆಗೂ ತಿಳಿಯಲಿಲ್ಲ.

ಇದು ನಮ್ಮ ನಮ್ಮ ಮನೆಗಳಲ್ಲಿ ಎಷ್ಟು ಪ್ರಯೋಜನಕ್ಕೆ ಬರುವ ಮಾತು! ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಎದುರು ಕುಳಿತು ಪೂರ್ವಜನ್ಮದ ಪಾಪವನ್ನು ಎಣಿಸುವವರು, ಸೊಸೆಯ ಕಾಲ್ಗುಣವನ್ನು ಹಳಿಯುವವರು ಯೋಬನ ಸ್ನೇಹಿತರ ಸಾಲಿಗೆ ಸೇರುತ್ತಾರೆ. ದೇವರ ಲೆಕ್ಕವನ್ನು ತಾವು ಬಲ್ಲೆವೆಂದು ತಿಳಿಯುವುದು ಭಕ್ತಿಯಲ್ಲ, ಅಹಂಕಾರ. ದುಃಖಿಯು ದೇವರೊಡನೆ ಜಗಳವಾಡಿದರೆ ಅದನ್ನು ನಾಸ್ತಿಕತೆಯೆಂದು ಬಗೆಯಬೇಕಾಗಿಲ್ಲ. ಜಗಳವಾಡಲು ಎದುರಿಗೆ ಒಬ್ಬನು ಇದ್ದಾನೆಂಬ ನಂಬಿಕೆಯಾದರೂ ಅಲ್ಲಿರುತ್ತದೆ.

ಯೋಬನ ಕಥೆಯಿಂದ ಯೆಹೂದ್ಯರು ಒಂದು ಆಚಾರವನ್ನೇ ರೂಪಿಸಿಕೊಂಡರು. ಸಾವಾದ ಮನೆಯವರು ಏಳು ದಿನ ತಗ್ಗಾದ ಪೀಠದ ಮೇಲೆ ಅಥವಾ ನೆಲದ ಮೇಲೆ ಕುಳಿತಿರುತ್ತಾರೆ. ನೋಡಲು ಬಂದವರು ದುಃಖಿಯು ಮಾತನಾಡುವವರೆಗೆ ತಾವಾಗಿ ಮಾತನ್ನು ತೆಗೆಯಬಾರದು. ಹೂಳಿ ಬಂದ ಬಳಿಕ ಆ ಮನೆಯವರು ಉಣ್ಣುವ ಮೊದಲ ಊಟವು ಅವರದಾಗಿರಬಾರದು, ನೆರೆಹೊರೆಯವರು ತಂದುದಾಗಿರಬೇಕು. ಆ ಊಟದಲ್ಲಿ ಮೊಟ್ಟೆಯನ್ನೋ ಬೇಳೆಯನ್ನೋ ಬಡಿಸುವುದು ವಾಡಿಕೆ. ದುಂಡಗಿರುವ ಈ ಪದಾರ್ಥಗಳು ಹುಟ್ಟುಸಾವುಗಳ ಚಕ್ರವನ್ನು ನೆನಪಿಸುತ್ತವೆಯಂತೆ. ಉಪದೇಶಕ್ಕಿಂತ ಮೊದಲು ಅನ್ನ, ಮಾತಿಗಿಂತ ಮೊದಲು ಸಾನ್ನಿಧ್ಯ ಎಂಬುದು ಈ ಆಚಾರದ ಮರ್ಮ.

ಇನ್ನು ಶೋಕವು ಹೊಣೆಗಾರಿಕೆಯಾಗಿ ಮಾರ್ಪಟ್ಟ ಒಂದು ಮಹಾನ್ ಜೀವನವನ್ನು ನೋಡೋಣ. ಮೈಮೊನಿಡೀಸನು ಸ್ಪೇನಿನ ಕಾರ್ಡೋಬಾ ನಗರದಲ್ಲಿ 12ನೆಯ ಶತಮಾನದಲ್ಲಿ ಹುಟ್ಟಿದವನು. ಬಾಲ್ಯದಲ್ಲಿಯೇ ಮತೀಯ ದಬ್ಬಾಳಿಕೆಗೆ ಸಿಕ್ಕಿದ ಅವನ ಕುಟುಂಬವು ಊರೂರು ಅಲೆದು ಮೊರಾಕ್ಕೋ, ಪ್ಯಾಲೆಸ್ತೀನ್‌ಗಳ ಮೂಲಕ ಕೊನೆಗೆ ಈಜಿಪ್ಟಿನ ಫುಸ್ತಾತ್ ನಗರವನ್ನು ಸೇರಿತು. ತಮ್ಮ ದಾವೀದನು ರತ್ನವ್ಯಾಪಾರ ಮಾಡಿ ಮನೆಯನ್ನು ನಡೆಸುತ್ತಿದ್ದನು, ಅಣ್ಣನು ಶಾಸ್ತ್ರಾಧ್ಯಯನದಲ್ಲಿ ಮುಳುಗಿದ್ದನು. ಭಾರತದ ಕಡೆಗೆ ವ್ಯಾಪಾರಕ್ಕೆಂದು ಹೊರಟ ದಾವೀದನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತನು. ಅವನೊಡನೆ ಮನೆಯ ಹಣವೂ ಇತರರು ನಂಬಿ ಕೊಟ್ಟಿದ್ದ ಹಣವೂ ಹೋಯಿತು. ಒಬ್ಬ ವಿಧವೆ, ಒಂದು ಪುಟ್ಟ ಹೆಣ್ಣುಮಗು ಉಳಿದರು. ಆ ಸುದ್ದಿಯನ್ನು ಕೇಳಿದ ಮೇಲೆ ಸುಮಾರು ಒಂದು ವರ್ಷ ಜ್ವರದಿಂದಲೂ ಮನೋವ್ಯಥೆಯಿಂದಲೂ ಹಾಸಿಗೆ ಹಿಡಿದೆನೆಂದು ಮೈಮೊನಿಡೀಸನು ಒಂದು ಪತ್ರದಲ್ಲಿ ಬರೆದುಕೊಂಡಿದ್ದಾನೆ. ವರ್ಷಗಳು ಕಳೆದರೂ ತಮ್ಮನ ಕೈಬರಹವನ್ನು ಕಂಡಾಗಲೆಲ್ಲ ಅವನ ಎದೆಯು ಹೊರಳುತ್ತಿತ್ತು. ಇಂಥ ಪಂಡಿತನಿಗೂ ಶೋಕವು ಬಿಡಲಿಲ್ಲ. ಅದನ್ನು ಅವನು ಮುಚ್ಚಿಡಲೂ ಇಲ್ಲ.

ಆದರೆ ಅವನು ಹಾಸಿಗೆಯಿಂದ ಎದ್ದನು. ಶಾಸ್ತ್ರಪಾಂಡಿತ್ಯವನ್ನು ಮಾರಿ ಬದುಕಬಾರದೆಂಬುದು ಅವನ ದೃಢಮತವಾಗಿತ್ತು. ಆದಕಾರಣ ವೈದ್ಯವೃತ್ತಿಯಿಂದ ಮನೆಯನ್ನು ಸಾಕಿದನು. ಅರಮನೆಯ ವೈದ್ಯನಾದ ಮೇಲೆಯೂ ಕೈರೋದಿಂದ ಹಸಿದು ಹಿಂದಿರುಗಿದಾಗ ಮನೆಯ ತುಂಬ ರೋಗಿಗಳು ಕಾದಿರುತ್ತಿದ್ದರು. ಅವರಲ್ಲಿ ಸ್ವಮತದವರೂ ಅನ್ಯಮತದವರೂ, ಬಡವರೂ ಬಲ್ಲಿದರೂ ಇದ್ದರು. ದಣಿದು ಮಲಗಿಕೊಂಡೇ ಅವರಿಗೆ ಚಿಕಿತ್ಸೆಯನ್ನು ಹೇಳುತ್ತಿದ್ದನಂತೆ. ಇಂಥ ದಿನಚರಿಯ ನಡುವೆಯೇ ಅವನು ದೊಡ್ಡ ಗ್ರಂಥಗಳನ್ನು ರಚಿಸಿದನು.

ಅವನ ಮಿಶ್ನೆ ತೋರಾ ಎಂಬ ಧರ್ಮಶಾಸ್ತ್ರದಲ್ಲಿ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಲಾಗಿದೆ. ಮುಖ ಸಿಂಡರಿಸಿ ಕೊಡುವುದು ಕೆಳಗಿನ ಮೆಟ್ಟಿಲು. ಕಡಿಮೆಯಾದರೂ ನಗುಮುಖದಿಂದ ಕೊಡುವುದು ಅದಕ್ಕಿಂತ ಮೇಲು. ಕೇಳಿದ ಮೇಲೆ ಸಾಕಷ್ಟು ಕೊಡುವುದು ಇನ್ನೂ ಮೇಲು, ಕೇಳುವುದಕ್ಕೆ ಮೊದಲೇ ಕೊಡುವುದು ಅದಕ್ಕೂ ಮೇಲು. ಕೊಟ್ಟವನಾರೆಂದು ಪಡೆದವನಿಗೂ, ಪಡೆದವನಾರೆಂದು ಕೊಟ್ಟವನಿಗೂ ತಿಳಿಯದಂತೆ ಕೊಡುವುದು ತುದಿಗೆ ಒಂದು ಮೆಟ್ಟಿಲು ಕೆಳಗೆ. ಎಲ್ಲಕ್ಕಿಂತ ಮೇಲಿನದು ಯಾವುದು? ಬಿದ್ದವನಿಗೆ ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲುಗಾರನನ್ನಾಗಿ ಮಾಡಿಕೊಂಡೋ, ಕೆಲಸ ಕೊಡಿಸಿಯೋ, ಅವನು ಇನ್ನೊಮ್ಮೆ ಕೈಚಾಚದಂತೆ ನಿಲ್ಲಿಸುವುದು. ದಾನವನ್ನು ಪಡೆದು ಬದುಕುವ ಬಡವನೂ ಅದರಲ್ಲಿ ಒಂದಿಷ್ಟನ್ನು ದಾನ ಮಾಡಬೇಕೆಂದು ಅವರ ಹಿರಿಯರು ವಿಧಿಸಿದ್ದಾರೆ. ಕೊಡುವವನೆಂಬ ಗೌರವವು ಬಡವನಿಗೂ ತಪ್ಪಬಾರದೆಂಬುದು ಇದರಿಂದ ನಾವು ಗ್ರಹಿಸಬಹುದಾದ ಭಾವ.

ಇದೇ 12ನೆಯ ಶತಮಾನವು ನಮ್ಮ ಓದುಗರಿಗೆ ಚಿರಪರಿಚಿತವಾದುದು. ಆ ಶತಮಾನದಲ್ಲಿ ಕನ್ನಡನಾಡಿನ ಕರಾವಳಿಯಲ್ಲಿಯೂ ಒಬ್ಬ ಯೆಹೂದ್ಯನು ಬಾಳಿದನೆಂಬುದು ಅನೇಕರಿಗೆ ಹೊಸ ಸಂಗತಿಯಾದೀತು. ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು ಉತ್ತರ ಆಫ್ರಿಕದ ಮಹ್ದಿಯಾದಿಂದ ಬಂದು, 1132ರಿಂದ 1149ರವರೆಗೆ ಬಹುಪಾಲು ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿದನು. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ, ಬೊಮ್ಮ ಎಂಬ ಅವನ ಕಾರ್ಯಭಾರಿಯ ಹೆಸರೂ ಕೈರೋದ ಹಳೆಯ ಪ್ರಾರ್ಥನಾಮಂದಿರದ ಕಾಗದಪತ್ರಗಳಲ್ಲಿ ಸಿಕ್ಕಿವೆ. ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಈ ವೃತ್ತಾಂತವನ್ನು ವಿವರಿಸಿದ್ದಾರೆ. 1148ರಲ್ಲಿ ಸಿಸಿಲಿಯ ಅರಸನು ಮಹ್ದಿಯಾವನ್ನು ಗೆದ್ದುಕೊಂಡಾಗ ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕುಗೆಟ್ಟರು. ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಎಂಬುದೂ ತಿಳಿಯದಿದ್ದಾಗ ಅವನು 1149ರಲ್ಲಿ ಏಡನ್ ಬಂದರಿನಿಂದ ಪತ್ರ ಬರೆದು, ತನ್ನ ಗಳಿಕೆಯು ನಮ್ಮೆಲ್ಲರ ಬಾಳುವೆಗೂ ಸಾಕು, ಬನ್ನಿರೆಂದು ಅವರನ್ನು ಕರೆದನು. ಮುಂದೆ ಒಬ್ಬ ಸಹೋದರನು ಅವನಿಗೆ ಮೋಸ ಮಾಡಿದನು. ಆದರೂ ಅವನು ಇನ್ನೊಬ್ಬ ಸಹೋದರನ ಕೈಬಿಡಲಿಲ್ಲ, ತನ್ನ ಮಗಳನ್ನು ಅವನ ಮಗನಿಗೇ ಕೊಟ್ಟು ಮದುವೆ ಮಾಡಿದನು. ಒಬ್ಬನ ಮೋಸವು ಇನ್ನೊಬ್ಬನ ಪಾಲಿನ ದಯೆಯನ್ನು ಕಸಿಯಬಾರದೆಂಬ ಪಾಠವನ್ನು, ಆಸ್ತಿಯ ವ್ಯಾಜ್ಯಗಳಲ್ಲಿ ಬೇಯುತ್ತಿರುವ ಕುಟುಂಬಗಳು ಇಲ್ಲಿ ಕಾಣಬಹುದು.

ವಿಧಿನಿಯಮಗಳಿಗಿಂತ ಜೀವವು ಮೇಲೆಂಬುದು ಆ ಧರ್ಮದ ಇನ್ನೊಂದು ತತ್ತ್ವ. ಸಬ್ಬತ್ತಿನ ದಿನ ಬೆಂಕಿ ಹೊತ್ತಿಸಬಾರದು, ಪ್ರಯಾಣ ಮಾಡಬಾರದು. ಆದರೆ ಒಂದು ಜೀವವು ಅಪಾಯದಲ್ಲಿದ್ದರೆ ಎಲ್ಲವನ್ನೂ ಮುರಿಯಲೇಬೇಕು. 1848ರಲ್ಲಿ ವಿಲ್ನಾ ನಗರದಲ್ಲಿ ಕಾಲರಾ ಹಬ್ಬಿದಾಗ, ರಬ್ಬಿ ಇಸ್ರಾಯೇಲ್ ಸಲಾಂತರ್ ಎಂಬ ಪರಮ ನಿಷ್ಠಾವಂತ ಗುರುಗಳು ವರ್ಷದ ಅತಿ ಪವಿತ್ರ ಉಪವಾಸದ ದಿನದಂದೇ ಜನರು ಆಹಾರ ಸೇವಿಸಬೇಕೆಂದು ಸಾರಿದರು. ಜನರ ಅಂಜಿಕೆಯನ್ನು ನೀಗಲು ತಾವೇ ವೇದಿಕೆಯಲ್ಲಿ ನಿಂತು ಎಲ್ಲರೆದುರು ತಿಂದರೆಂಬ ಪ್ರತೀತಿಯೂ ಇದೆ.

ಈ ಎಲ್ಲ ವಿವೇಕವೂ ಕಠೋರವಾದ ಪರೀಕ್ಷೆಗೆ ಒಳಗಾದುದು 20ನೆಯ ಶತಮಾನದಲ್ಲಿ. ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ರಬ್ಬಿ ಕಲೋನಿಮುಸ್ ಕಲ್ಮಾನ್ ಶಪೀರಾ ಅವರು ವಾರ್ಸಾ ನಗರದಲ್ಲಿ ಮಕ್ಕಳ ಶಿಕ್ಷಣಕ್ಕೆ ಹೆಸರಾದ ಗುರುಗಳಾಗಿದ್ದರು. 1939ರ ಸೆಪ್ಟೆಂಬರ್ ತಿಂಗಳ ಬಾಂಬು ದಾಳಿಯಲ್ಲಿ ಅವರ ಒಬ್ಬನೇ ಮಗನು ಗಾಯಗೊಂಡು ಸತ್ತನು, ಸೊಸೆಯೂ ಮಡಿದಳು. ಆ ಬಳಿಕವೂ ಗುರುಗಳು 1942ರ ಬೇಸಿಗೆಯವರೆಗೆ ಹಸಿವು, ರೋಗ, ಸಾವುಗಳ ನಡುವೆ ಜನರಿಗೆ ಪ್ರವಚನ ಮಾಡುತ್ತಲೇ ಇದ್ದರು. ಇಂಥ ಕಷ್ಟಗಳು ನಮ್ಮ ಪೂರ್ವಿಕರಿಗೂ ಬಂದಿದ್ದವು, ಆದಕಾರಣ ಶ್ರದ್ಧೆಯನ್ನು ಬಿಡಬಾರದೆಂದು 1941ರ ಕೊನೆಯಲ್ಲಿ ಹೇಳಿದ್ದರು. ಲಕ್ಷಾಂತರ ಜನರನ್ನು ವಾರ್ಸಾದಿಂದ ಸಾವಿನ ಶಿಬಿರಕ್ಕೆ ಸಾಗಿಸಿದ ಮೇಲೆ, 1942ರ ಕೊನೆಯಲ್ಲಿ ಅದೇ ಪ್ರವಚನದ ಹಸ್ತಪ್ರತಿಗೆ ಟಿಪ್ಪಣಿಯೊಂದನ್ನು ಸೇರಿಸಿದರು. ಆ ಮಾತು ಅಂದಿನವರೆಗಿನ ಕಷ್ಟಗಳಿಗೆ ಸಲ್ಲುತ್ತಿತ್ತು, ಈಗ ನಡೆದಿರುವಂಥದು ಹಿಂದೆಂದೂ ನಡೆದಿಲ್ಲವೆಂಬುದು ಅದರ ಸಾರ. ಜನರಿಗೆ ಧೈರ್ಯ ಹೇಳುವ ಸ್ಥಾನದಲ್ಲಿದ್ದವರೂ ಸತ್ಯವನ್ನು ಮೃದುಗೊಳಿಸಲಿಲ್ಲ. ಆದರೂ ಹಸ್ತಪ್ರತಿಯನ್ನು ಹರಿದೆಸೆಯದೆ, ಮುಂದಿನವರ ಕೈಸೇರಲೆಂದು ನೆಲದಲ್ಲಿ ಹೂಳಿಸಿದರು. 1943ರ ನವೆಂಬರಿನಲ್ಲಿ ಅವರು ಕೊಲ್ಲಲ್ಪಟ್ಟರು. ಯುದ್ಧಾನಂತರ ಅವಶೇಷಗಳಡಿಯಲ್ಲಿ ದೊರೆತ ಆ ಪ್ರವಚನಗಳು 1960ರಲ್ಲಿ ಪುಸ್ತಕವಾಗಿ ಅಚ್ಚಾದವು. ಓದುವವರು ಉಳಿಯುವರೋ ಇಲ್ಲವೋ ತಿಳಿಯದಿರುವಾಗಲೂ ಬರೆದು ಕಾಪಾಡಿದ ಆ ಕಾಗದಗಳಿಗಿಂತ ಮಿಗಿಲಾದ ಶ್ರದ್ಧೆಯ ಸಾಕ್ಷಿ ಬೇರೆ ಯಾವುದಿದೆ?

ವಿಯೆನ್ನಾದ ಮನೋವೈದ್ಯರಾದ ವಿಕ್ಟರ್ ಫ್ರಾಂಕ್ಲ್ ಅವರ ಸಂಗತಿಯು ಗೃಹಸ್ಥರಿಗೆ ಇನ್ನೂ ಹತ್ತಿರದ್ದು. 1941ರಲ್ಲಿ ಅವರಿಗೆ ಅಮೆರಿಕಕ್ಕೆ ತೆರಳುವ ಅನುಮತಿಯು ದೊರೆತಿತ್ತು. ಆದರೆ ವೃದ್ಧ ತಂದೆತಾಯಿಗಳಿಗೆ ಅಂಥ ಅವಕಾಶವಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಮನೆಗೆ ಬಂದಾಗ ಮೇಜಿನ ಮೇಲೆ ಅಮೃತಶಿಲೆಯ ಚೂರೊಂದು ಕಂಡಿತು. ನಾಜಿಗಳು ಸುಟ್ಟ ಪ್ರಾರ್ಥನಾಮಂದಿರದ ಅವಶೇಷಗಳಿಂದ ತಂದೆಯು ಅದನ್ನು ಎತ್ತಿ ತಂದಿದ್ದರು. ಅದರ ಮೇಲಿದ್ದ ಒಂದು ಅಕ್ಷರವು ದಶಾಜ್ಞೆಗಳಲ್ಲಿ ತಂದೆತಾಯಿಗಳನ್ನು ಗೌರವಿಸಬೇಕೆಂಬ ಆಜ್ಞೆಗೆ ಸೇರಿದುದು. ಫ್ರಾಂಕ್ಲ್ ಅಲ್ಲಿಯೇ ಉಳಿದರು. ಮುಂದೆ ಶಿಬಿರಗಳಲ್ಲಿ ತಂದೆ, ತಾಯಿ, ಹೆಂಡತಿ, ಅಣ್ಣ ಎಲ್ಲರನ್ನೂ ಕಳೆದುಕೊಂಡು ಒಬ್ಬರೇ ಬದುಕಿ ಬಂದರು. 1946ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಜೀವನದಿಂದ ನಮಗೇನು ಸಿಗುವುದೆಂದು ಕೇಳುವುದನ್ನು ಬಿಟ್ಟು, ಜೀವನವು ನಮ್ಮಿಂದ ಏನನ್ನು ಕೇಳುತ್ತಿದೆಯೆಂದು ಅರಿಯಬೇಕೆಂಬ ವಿಚಾರವನ್ನು ಮಂಡಿಸಿದರು. ಅದಕ್ಕೆ ಉತ್ತರವನ್ನು ಮಾತಿನಿಂದ ಕೊಡಲಾಗದು. ಆಯಾ ಹೊತ್ತಿನ ಹೊಣೆಯನ್ನು ಹೊರುವುದರಿಂದಲೇ ಕೊಡಬೇಕು.

ಈ ಎಲ್ಲ ಕಷ್ಟಗಳಲ್ಲಿ ಎಲ್ಲರ ಶ್ರದ್ಧೆಯೂ ಉಳಿಯಿತೆಂದು ಹೇಳುವಂತಿಲ್ಲ. ನಾಜಿ ಶಿಬಿರಗಳಿಂದ ಹೊರಬಂದ ಅನೇಕರು ಪ್ರಾರ್ಥನೆಯನ್ನೇ ಬಿಟ್ಟರು. ಅವರನ್ನು ದೂಷಿಸುವ ಅಧಿಕಾರವು ಬೆಂಕಿಯನ್ನು ದಾಟದವರಿಗೆ ಇಲ್ಲ. ನಾವು ಕಲಿಯಬೇಕಾದುದು ಇಷ್ಟು: ಕಷ್ಟದ ಕಾರಣವು ತಿಳಿಯುವವರೆಗೆ ಕರ್ತವ್ಯವನ್ನು ನಿಲ್ಲಿಸಬೇಕಾಗಿಲ್ಲ. ಯೋಬನಿಗೆ ಕಾರಣ ತಿಳಿಯಲಿಲ್ಲ, ಮೈಮೊನಿಡೀಸನಿಗೂ ತಿಳಿಯಲಿಲ್ಲ. ಆದರೆ ತಮ್ಮನ ಮಗುವಿಗೆ ಅನ್ನವಿಡುವುದು ಯಾರ ಹೊಣೆಯೆಂಬುದು ತಿಳಿದಿತ್ತು.

ರಬ್ಬಿ ತರ್ಫೋನ್ ಎಂಬ ಪ್ರಾಚೀನ ಜ್ಞಾನಿಯ ಒಂದು ವಿಚಾರವನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ. ಕೆಲಸವನ್ನೆಲ್ಲ ಪೂರೈಸುವ ಭಾರವು ನಮ್ಮ ಮೇಲಿಲ್ಲ, ಹಾಗೆಂದು ಅದರಿಂದ ಕೈತೊಳೆದುಕೊಳ್ಳುವ ಸ್ವಾತಂತ್ರ್ಯವೂ ನಮಗಿಲ್ಲವೆಂದು ಅವನು ತಿಳಿದಿದ್ದನು. ಲೋಕದ ದುಃಖವನ್ನೆಲ್ಲ ನೀಗುವುದು ನಮ್ಮಿಂದ ಆಗದು. ಆದರೆ ಈ ತಿಂಗಳು ನಮ್ಮ ಓಣಿಯಲ್ಲಿ ಸಾವಾದ ಮನೆಯೊಂದಿದ್ದರೆ, ಕೆಲಸ ಕಳೆದುಕೊಂಡ ಬಂಧುವೊಬ್ಬನಿದ್ದರೆ, ಅಲ್ಲಿಗೆ ಹೋಗೋಣ. ಕಾರಣಗಳನ್ನು ಹುಡುಕದೆ ಪಕ್ಕದಲ್ಲಿ ಕುಳಿತುಕೊಳ್ಳೋಣ. ಬುತ್ತಿಯೊಂದನ್ನು ಕಟ್ಟಿಕೊಂಡು ಹೋಗೋಣ.